ಮುಂಗೈಯಕ್ಕ ಹಚ್ಚಿ ನೋಡಿದ ಅತ್ತರುಗಳು

ಘಮಘಮಿಸುತ್ತ ಬರುವವನೆಲ್ಲ ಮದುಮಗನಲ್ಲ. ಹೊಡೆದು ದಣಿದು, ಮೈತೊಳೆದುಕೊಂಡು ಬರುವವನೂ ಹಾಗೇ ಘಮಘಮಿಸುತ್ತಾನೆ. ಈ ಮಾತು ಮುಂಗೈಯಕ್ಕನಿಗೆ ಅತ್ತರಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗೊತ್ತಿತ್ತು.

ಅವಳ ಗಂಡನಿಗೆ ಗ್ಯಾರೇಜಿತ್ತು. ಉಗುರಿನ ಸಂದಿಯಲ್ಲಿ ಗ್ರೀಸು, ಮೂಗಿನ ತುದಿಯಲ್ಲಿ ಸಿಟ್ಟು. ಸಾರಿಗೆ ಉಪ್ಪು ಕಡಿಮೆಯಾದರೆ ಒಂದೇಟು, ಜಾಸ್ತಿಯಾದರೆ ಎರಡೇಟು, ಸರಿಯಾಗಿದ್ದರೆ ‘ಇವತ್ತೇನು ವಿಶೇಷ’ ಅಂತ ಇನ್ನೊಂದೇಟು. ಹೊಡೆದಾದ ಮೇಲೆ ಸೋಪು ಹಾಕಿ ಉಜ್ಜಿ ಉಜ್ಜಿ ಸ್ನಾನ ಮಾಡುತ್ತಿದ್ದ. ಕಿವಿಯ ಹಿಂದೆ ಕಸ್ತೂರಿ ಅತ್ತರು ತೀಡಿಕೊಂಡು ಅವಳ ಪಕ್ಕ ಬಂದು ಕೂತು, “ತುಂಬಾ ನೋವಾಯ್ತೇನೇ?” ಅನ್ನುತ್ತಿದ್ದ. ಹೊಡೆತವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಕಸ್ತೂರಿಯನ್ನು ತಡೆಯಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ತಡವಾಗಿ ತಂದಳೆಂದು ಅವಳ ಎಡಗೈಯನ್ನು ಹಿಡಿದು, ಆಗಷ್ಟೇ ಓಡಿಸಿ ನಿಲ್ಲಿಸಿದ ಬೈಕಿನ ಸೈಲೆನ್ಸರಿಗೆ ಒತ್ತಿದ. “ಬೇಡ ರೀ, ಬೇಡ ರೀ” ಅಂದಳು. ಅವನಿಗೆ ಆ ಮಾತು ಕೇಳಿದಷ್ಟೂ ಕೈಗೆ ಬಲ ಬರುತ್ತಿತ್ತು. ಮುಂಗೈಯ ಚರ್ಮ ಕೊಳವೆಗೇ ಅಂಟಿಕೊಂಡಿತು.

ಅದು ಮಾಯುವುದರೊಳಗೆ ಇನ್ನೊಂದು ದಿನ ಬಾಯಿಗೆ ಗುದ್ದಿದ. ಅವನು ಸ್ನಾನಕ್ಕೆ ಹೋದದ್ದೇ ತಡ, ಅವಳು ಬೀದಿಗೆ ಬಿದ್ದಳು. ಬಂದ ಬಸ್ಸು ಹತ್ತಿದಳು, ಅದು ಕೊನೆಗೆ ನಿಂತ ಊರಲ್ಲಿ ಇಳಿದಳು. ಬಾಯಿತುಂಬ ರಕ್ತ. ತೆರೆದಿದ್ದ ಮೊದಲ ಬಾಗಿಲಿಗೆ ನುಗ್ಗಿದಳು. ಒಳಗೆ ತಾಮ್ರದ ಹಂಡೆಯ ಮುಂದೆ ಒಬ್ಬಳು ಮುದುಕಿ ಕೂತು, ಕೊಳವೆಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ದಿಟ್ಟಿಸುತ್ತಿದ್ದಳು. ತಲೆ ಎತ್ತಿ ನೋಡಿ, ಒಂದು ಹಳೆ ಡಬ್ಬ ಮುಂದೆ ತಳ್ಳಿದಳು.

“ಮೊದಲು ಉಗುಳು, ಆಮೇಲೆ ಅಳು. ಎರಡೂ ಒಟ್ಟಿಗೆ ಮಾಡಿದ್ರೆ ನೆತ್ತಿಗೇರುತ್ತೆ.”

ಉಗುಳಿದಾಗ ಅರ್ಧ ಹಲ್ಲು ಡಬ್ಬದಲ್ಲಿ ಟಣ್ಣೆಂದಿತು. ಅವತ್ತಿನಿಂದ ಅವಳು ಆ ಅತ್ತರಜ್ಜಿಯ ಮನೆಯವಳು.

ಅಜ್ಜಿಯದು ಕೈಕೆಲಸದ ಅತ್ತರು. ಹೂವು, ಬೇರು, ತೊಗಟೆ ಬೇಯಿಸಿ ಎಣ್ಣೆ ಇಳಿಸುವುದು ಹಿಂದಿನ ಕೋಣೆಯಲ್ಲಿ, ಬೆರೆಸಿ ಮಾರುವುದು ಮುಂದಿನ ಕೋಣೆಯಲ್ಲಿ. ಕಾಗದದ ಚೂರಿಗೆ ಹಚ್ಚಿ ಮೂಸಿಸುವುದು ಅವಳಿಗೆ ಸೇರದು. “ಕಾಗದ ಬೆವರುತ್ತೇನೇ?” ಅನ್ನುತ್ತಿದ್ದಳು. ಹಾಗಾಗಿ, ಗಾಯ ಮಾದ ಮೇಲೆ, ಪ್ರತಿ ಎಣ್ಣೆಯನ್ನೂ ಹುಡುಗಿಯ ಎರಡೂ ಮುಂಗೈಗೆ ಹಚ್ಚಿ ನೋಡುವಾಗ ಅಜ್ಜಿಗೆ ಒಂದು ಸಂಗತಿ ಹೊಳೆಯಿತು. ಎಡಗೈಯ ಸುಟ್ಟ ಕಲೆ ಬೆವರುವುದಿಲ್ಲ. ಅಲ್ಲಿ ಹಚ್ಚಿದ ಅತ್ತರು ಸಂಜೆಯವರೆಗೂ ಶೀಸೆಯಲ್ಲಿದ್ದ ಹಾಗೇ ಇರುತ್ತದೆ. ಬಲಗೈಯಲ್ಲಿ ಅದೇ ಅತ್ತರು ಬೆವರಿನ ಜೊತೆ ಸೇರಿ, ಗಂಟೆಗೊಂದು ವೇಷ ಹಾಕುತ್ತದೆ. ಗಿರಾಕಿಗಳು ಒಂದು ಕೈ ಮೂಸಿ, ಇನ್ನೊಂದು ಕೈ ಮೂಸಿ, ಇದು ಹೀಗಿದ್ದದ್ದು ಹೀಗಾಗುತ್ತದೆ ಎಂದು ತಿಳಿದುಕೊಳ್ಳತೊಡಗಿದರು. ಬೀದಿಯವರ ಬಾಯಲ್ಲಿ ಅವಳು ಮುಂಗೈಯಕ್ಕನಾದಳು.

ಅತ್ತರಿನ ಬಗ್ಗೆ ಅವಳು ಹೇಳುತ್ತಿದ್ದ ಮಾತುಗಳೋ, ಏಟು ತಿಂದವಳ ಮಾತುಗಳು.

“ಗುಲಾಬಿ ನಯವಂಚಕಿ ಅಜ್ಜಿ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತಾಳೆ, ಒಳಗೆ ಹೋದ್ರೆ ಕೆನ್ನೆಗೆ ಬಾರಿಸ್ತಾಳೆ.”

“ಮಲ್ಲಿಗೆ?”

“ಬೆಳಿಗ್ಗೆ ಮದುವೆ ಮನೆ. ಮಧ್ಯಾಹ್ನ ಕೀವು ಕಟ್ಟಿದ ಗಾಯ. ಎರಡೂ ಅದೇ ಹೂವೇ.”

ಲವಂಗ ಹಚ್ಚಿದ ದಿನ ಅವಳ ಮುರಿದ ಹಲ್ಲು ತಾನಾಗಿಯೇ ಜುಮ್ಮೆಂದಿತು. ಲಾವಂಚದ ಬೇರಿನ ಎಣ್ಣೆ ಹಚ್ಚಿದಾಗ ಕಣ್ಣು ಮುಚ್ಚಿ ಎರಡೆರಡು ಸಲ ಮೂಸಿದಳು. ಆಮೇಲೆ, “ಕತ್ತು ಹಿಡಿದು ನೆಲಕ್ಕೆ ಒತ್ತಿದಾಗ ಮೂಗಿಗೆ ಬರುತ್ತಲ್ಲ, ಆ ವಾಸನೆ. ಆದ್ರೆ ಒತ್ತಿದವನು ಎದ್ದು ಹೋಗಿದಾನೆ. ನೆಲ ತಂಪಾಗಿದೆ. ಇನ್ನೊಂಚೂರು ಇಲ್ಲೇ ಮಲಗೋಣ ಅನ್ಸುತ್ತೆ,” ಅಂದಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಎದುರು ಅಂಗಡಿಯ ಟೈಲರ್ ಮಾಮ ತಮಾಷೆ ಮಾಡುತ್ತಿದ್ದ: “ನಿಮ್ಮಂಗಡೀಲಿ ಅತ್ತರು ಕೊಂಡೋರು ಮುಲಾಮೂ ಕೊಂಡು ಹೋಗ್ಬೇಕು ನೋಡಕ್ಕ!”

ಕಸ್ತೂರಿ ಮಾತ್ರ ಆಗಲಿಲ್ಲ. ಮುಚ್ಚಳ ತೆಗೆದ ಮೊದಲ ದಿನ ಚರಂಡಿಗೆ ಓಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಎರಡನೇ ಸಲ ಶೀಸೆಯನ್ನು ಗೋಡೆಗೆ ಎತ್ತಿ ಎಸೆದಳು. ಅಜ್ಜಿ ಗಾಜು ಗುಡಿಸಿ ಇನ್ನೊಂದು ಶೀಸೆ ತಂದಿಟ್ಟಳು. “ಆ ಕಸ್ತೂರಿಮೃಗ ನಿನಗೇನು ಮಾಡಿತ್ತೇ? ಹಚ್ಚು.” ಹಚ್ಚಿದಳು. ಎಡಗೈಯ ಕಲೆಯ ಮೇಲೆ ಅವನೇ ಕೂತಿದ್ದ, ಸ್ನಾನ ಮಾಡಿ, ತಲೆ ಬಾಚಿಕೊಂಡು. ಬಲಗೈಯಲ್ಲಿ ಹೊತ್ತು ಏರಿದಂತೆ ಅದು ಅವನನ್ನು ಬಿಟ್ಟು ಬೇರೆ ಏನೋ ಆಗುತ್ತ ಹೋಯಿತು. ಬಿಸಿಲಿಗೆ ಒಣಹಾಕಿದ ಕಂಬಳಿಯಂಥ, ಹಾಲು ಕುಡಿದು ಮಲಗಿದ ಕೂಸಿನ ನೆತ್ತಿಯಂಥ ವಾಸನೆ. ಅದು ಚೆನ್ನಾಗಿದೆಯಲ್ಲ ಎಂದು ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ, ಒರಟು ಗೋಣಿಯಿಂದ ಕೈ ಕೆಂಪಾಗುವಂತೆ ಉಜ್ಜಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿ ಚಕ್ಕೆಯ ಎಣ್ಣೆ ಇಳಿಸಿದಳು. ಹಸಿ ಚಕ್ಕೆ ಎಣ್ಣೆ ಅಂದರೆ ಬೆಂಕಿ. ಒಂದು ಬಟ್ಟಲು ಸಾದಾ ಎಣ್ಣೆಗೆ ಇದರ ಒಂದೆರಡು ಹನಿ ಬೆರೆಸಬೇಕು. ಹಾಗೇ ಚರ್ಮಕ್ಕೆ ತಾಗಿದರೆ ಬೊಬ್ಬೆಯೇಳುತ್ತದೆ. ಮುಂಗೈಯಕ್ಕ ಕಡ್ಡಿಯಿಂದ ಹನಿ ಬೆರೆಸುತ್ತ ಕೂತಿದ್ದಳು. ಅಜ್ಜಿ ಹಿಂದೆ ಒಲೆ ಆರಿಸುತ್ತಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ನೆರಳಿಗಿಂತ ಮೊದಲು ಕಸ್ತೂರಿ ಬಂತು.

“ಏನೇ, ಚೆನ್ನಾಗೇ ಮೈತುಂಬ್ಕೊಂಡಿದೀಯ,” ಅಂದ ಗಂಡ. “ಊರೆಲ್ಲ ನಿನ್ನ ಕೈ ಮೂಸುತ್ತಂತೆ? ಲಾರಿಯವನೊಬ್ಬ ಹೇಳ್ದ. ನಗ್ತಾ ಹೇಳ್ದ.”

ಅವಳು ಕೈಯಲ್ಲಿದ್ದ ಕಡ್ಡಿಯನ್ನು ಬಟ್ಟಲಿಗೆ ಒರಗಿಸಿದಳು.

“ನಡಿ ಮನೆಗೆ.”

ಅವಳು ಏಳಲಿಲ್ಲ. ಕಪಾಳಕ್ಕೆ ಬಿದ್ದ ಏಟಿಗೆ ತಲೆ ಕಪಾಟಿಗೆ ತಾಗಿ, ಸಣ್ಣ ಶೀಸೆಗಳು ಹಲ್ಲು ಕಡಿದಂತೆ ಸದ್ದು ಮಾಡಿದವು. ಒಡೆಯಲಿಲ್ಲ. ಅವನು ಅಂಗಡಿಯನ್ನೆಲ್ಲ ಕಣ್ಣಾಡಿಸಿ, ಸ್ಟೂಲಿನ ಮೇಲೆ ಕೂತ.

“ಹೋಗೋ ಮುಂಚೆ ನಂಗೂ ಒಂದೊಳ್ಳೇದು ಹಚ್ಚು. ಹೆಂಡ್ತಿ ಅತ್ತರಂಗಡೀಲಿದ್ದು ಗಂಡ ಡೀಸೆಲ್ ವಾಸನೆ ಹೊಡೀಬೇಕಾ?”

ಅವಳು ಸುಮ್ಮನೆ ಹಸಿ ಎಣ್ಣೆಯ ಕಂದು ಶೀಸೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಅಭ್ಯಾಸ. ಗಿರಾಕಿ ಹತ್ತಿರ ಬಂದರೆ ಹಾಗೆ ಸರಿಸಬೇಕೆಂದು ಅಜ್ಜಿ ಕಲಿಸಿದ್ದಳು.

“ಅದ್ಯಾವನಿಗೆ ಎತ್ತಿಡ್ತಿದೀಯ?”

“ಬೇಡ ರೀ. ಹಸಿ ಚಕ್ಕೆ ಎಣ್ಣೆ ಅದು. ಮೈಗೆ ಹಚ್ಚಬಾರ್ದು, ಸುಡುತ್ತೆ.”

“ಬೇಡವಾ?” ಅವನ ಮುಖದಲ್ಲಿ ಆ ಹಳೇ ನಗು ಬಂತು. ಶೀಸೆ ಕಿತ್ತುಕೊಂಡು ಮುಚ್ಚಳ ಬಿಚ್ಚಿದ. ಮೂಸಿದ. “ಆಹಾ! ಇಂಥದ್ದನ್ನ ಬಚ್ಚಿಡ್ತೀಯಾ?”

ಅವಳು ಅವನ ಕಣ್ಣನ್ನೇ ನೋಡಿದಳು. “ಬೇಡ,” ಅಂದಳು ಇನ್ನೊಮ್ಮೆ.

ಅಂಗೈಗೆ ಸುರಿದುಕೊಂಡ. ಮೀಸೆಗೆ ತೀಡಿದ, ಕತ್ತಿಗೆ ಬಳಿದ, ಕಿವಿಯ ಹಿಂದೆ ಉಜ್ಜಿದ. “ನೋಡು, ಏನಾಯ್ತು?” ಅಂದ.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೋಣನನ್ನು ಕೆಡವಿದಂತೆ ಅರಚಿದ. ಮೇಲ್ತುಟಿ ಕಣ್ಣೆದುರೇ ಊದಿಕೊಂಡಿತು. ಅದೇ ಬೆರಳಲ್ಲಿ ಕಣ್ಣೊರೆಸಿಕೊಂಡ, ಕಣ್ಣೂ ಮುಚ್ಚಿಹೋಯಿತು. ಕುರುಡಾಗಿ ತಡಕಾಡುತ್ತ ಕಪಾಟನ್ನೇ ಎಳೆದು ಕೆಡವಿದ. ಗುಲಾಬಿ, ಮಲ್ಲಿಗೆ, ಲವಂಗ, ಎಲ್ಲ ನೆಲಕ್ಕೆ ಬಿದ್ದು ಚೂರಾದವು. ಗಾಜಿನ ಮೇಲೆ ಕಾಲಿಟ್ಟು ಜಾರಿದವನ ಕೈಗೆ ಅವಳ ಜಡೆ ಸಿಕ್ಕಿತು. “ಸುಟ್ಯೇನೇ ನನ್ನ! ಸುಟ್ಯೇನೇ!” ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅವಳ ಮುಖವನ್ನು ಗಾಜಿನ ಚೂರುಗಳ ಕಡೆಗೆ ಒತ್ತಿದ. ಇನ್ನು ಗೇಣು ದೂರ. ಲಾವಂಚದ ವಾಸನೆ ಮೂಗಿಗೆ ಬಡಿಯಿತು.

ಅವಳ ಕೈಗೆ ತೊಗಟೆ ಕುಟ್ಟುವ ಕಬ್ಬಿಣದ ಹಾರೆ ಸಿಕ್ಕಿತು. ಎತ್ತಿ ಅವನ ಮಣಿಕಟ್ಟಿಗೆ ಇಳಿಸಿದಳು. ಮೂಳೆ ಲಟಕ್ಕೆಂದಿತು. ಜಡೆ ಸಡಿಲವಾಯಿತು. ಇನ್ನೊಂದು ಏಟು ಬೇಕಿರಲಿಲ್ಲ, ಆದರೂ ಮೊಣಕಾಲಿಗೆ ಕೊಟ್ಟಳು. ಆ ಏಟಿನಲ್ಲಿ ಎಂಥ ರುಚಿಯಿತ್ತೆಂದರೆ, ಮೂರನೆಯದಕ್ಕೆ ಕೈ ತಾನಾಗಿಯೇ ಎದ್ದಿತು.

ಹಿಂದಿನಿಂದ ಅಜ್ಜಿ ಬಂದು ಆ ಕೈ ಹಿಡಿದಳು. “ಸಾಕು ಮಗಳೇ. ಇದರ ಚಟ ಹತ್ತಿದ್ರೆ ಬಿಡಲ್ಲ.”

ಗಲಾಟೆ ಕೇಳಿ ಟೈಲರ್ ಮಾಮ ಕೊಡದಲ್ಲಿ ನೀರು ಹಿಡಿದು ಓಡಿ ಬಂದ.

“ನೀರು ಬೇಡ ಮಾಮ,” ಅಂದಳು ಏದುಸಿರಿನಲ್ಲಿ. “ಎಣ್ಣೆ ನೀರಿಗೆ ಬಿಡಲ್ಲ, ಹರಡುತ್ತೆ. ಮೊದಲು ಅಡುಗೆ ಎಣ್ಣೇಲಿ ಒರೆಸ್ಬೇಕು.”

“ಅವಳ ಮಾತು ಕೇಳ್ಬೇಡ! ಹುಯ್ಯಿ ನೀರು!” ಅಂತ ಗಂಡ ಬೊಬ್ಬೆ ಹಾಕಿದ.

ಟೈಲರ್ ಹುಯ್ದ. ಉರಿ ಕತ್ತಿನಿಂದ ಎದೆಗಿಳಿಯಿತು. ಅವನು ನೆಲದ ಮೇಲೆ ಉರುಳಾಡಿದ, ಬೆನ್ನಿಗೆ ಗಾಜು ಚುಚ್ಚಿದರೂ ಗೊತ್ತಾಗದಂತೆ. ಕೊನೆಗೆ ದನಿ ಬತ್ತಿ, “ಹಾಕೇ... ನೀನು ಹೇಳಿದ್ದನ್ನೇ ಹಾಕೇ,” ಎಂದು ಅತ್ತ.

ಅವಳು ಅಡುಗೆ ಎಣ್ಣೆಯ ಬಟ್ಟಲನ್ನೂ ಒಂದು ಚಿಂದಿಯನ್ನೂ ಅವನ ಮುಂದಿಟ್ಟಳು. “ತಗೋ. ನೀನೇ ಒರೆಸ್ಕೋ,” ಅಂದಳು. ಗಂಡನನ್ನು ನೀನು ಅಂದದ್ದು ಅದೇ ಮೊದಲು. ಅಂದಮೇಲೆ ಬಾಯಿ ಸುಡಲಿಲ್ಲ. “ಆಮೇಲೆ ಆಸ್ಪತ್ರೆಗೆ ಹೋಗು. ನಾನು ಬರಲ್ಲ. ಅಲ್ಲಿಗೂ ಬರಲ್ಲ, ಮನೆಗೂ ಬರಲ್ಲ.”

ಎಡಗೈಯಲ್ಲಿ ಚಿಂದಿ ಹಿಡಿದು ಒರೆಸಿಕೊಂಡ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಟೈಲರ್ ಮಾಮ ಅವನ ರಟ್ಟೆ ಹಿಡಿದು ಎಬ್ಬಿಸಿದ. “ನಡಿಯಪ್ಪ. ಇನ್ನೊಂದ್ಸಲ ಈ ಬೀದಿಗೆ ಬಂದ್ರೆ ನನ್ನ ಕತ್ತರೀನೂ ದೊಡ್ಡದೇ ಇದೆ,” ಅಂತ ಅವನ ಕಿವಿಯಲ್ಲಿ ಹೇಳುತ್ತಲೇ ಕುಂಟಿಸಿಕೊಂಡು ಹೋದ.

ಜನ ಚೆದುರಿದರು. ಅಜ್ಜಿ ಪೊರಕೆ ತಂದಳು, ಅವಳು ಮೊರ ಹಿಡಿದಳು. ಗಾಜಿನ ಚೂರುಗಳು ಮೊರಕ್ಕೆ ಬಿದ್ದವು.

“ಲೇ, ನನ್ನ ಹತ್ರ ನಿಜ ಹೇಳು,” ಅಂದಳು ಅಜ್ಜಿ, ದನಿ ತಗ್ಗಿಸಿ. “ಬೇಡ ಅಂದ್ರೆ ಹಚ್ಕೊಂಡೇ ಹಚ್ಕೋತಾನೆ ಅಂತ ಗೊತ್ತಿದ್ದೇ ಬೇಡ ಅಂದ್ಯಾ?”

ಅವಳು ಮೊರದಲ್ಲಿದ್ದ ಗಾಜನ್ನು ಹಳೆ ಡಬ್ಬಕ್ಕೆ ಸುರಿದಳು.

“ಮೊದಲನೇ ಸಲ ಅಂದಿದ್ದು ನಿಜವಾಗ್ಲೂ ಬೇಡ ಅಂತಾನೇ ಅಜ್ಜಿ,” ಅಂದಳು.

ಅಜ್ಜಿ ಎರಡನೆಯದನ್ನು ಕೇಳಲಿಲ್ಲ. “ಮೂಲೇಲಿ ಇನ್ನೊಂದಿಷ್ಟು ಚೂರಿದೆ, ಬರಿಗಾಲಲ್ಲಿ ಹೋಗ್ಬೇಡ,” ಅಂದಳು.