ಎರಡೂ ಕೈಯ ರಕ್ತ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಂಡ್ಯದ ನಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರುವುದು ಹೌದು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಕೂತವಳಿಗೆ ಅವಸರದವರನ್ನು ಕಂಡರೆ ಮೈ ಉರಿಯುತ್ತದೆ. ಸೂಜಿ ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹಚ್ಚಿದರೆ ಸಾಲದು, ಅದು ಆರುವ ತನಕ ಸುಮ್ಮನೆ ನಿಲ್ಲಬೇಕು. ಬಾಯಲ್ಲಿ ಊದಬಾರದು. ಊದಿದವರ ಬಾಯಿಯ ಕ್ರಿಮಿಯೇ ರಕ್ತದ ಸೀಸೆಗೆ ಇಳಿದು, ರೋಗಿಯ ರಕ್ತದಲ್ಲೇ ಇದ್ದ ಹಾಗೆ ನಾಟಕ ಆಡುತ್ತದೆ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ.

ಒಂದು ಸಲ ಮಳವಳ್ಳಿ ಕಡೆಯ ಹಳ್ಳಿಯಿಂದ ಒಬ್ಬ ಬಾಣಂತಿಯನ್ನು ಕರೆತಂದರು. ಚೊಚ್ಚಲ ಹೆರಿಗೆ, ಹೆಣ್ಣುಮಗು, ಇನ್ನೂ ಹೆಸರಿಟ್ಟಿರಲಿಲ್ಲ. ತಾಯಿಗೆ ನಡುಗಿಸುವ ಚಳಿಜ್ವರ. ಮದ್ದೂರು ದಾಟುವಷ್ಟರಲ್ಲಿ ಮಾತೇ ನಿಂತುಹೋಯಿತಂತೆ. ಕಣಗಳನ್ನು ಎಣಿಸುವ ಯಂತ್ರ ಅವಳ ಬಿಳಿ ರಕ್ತಕಣಗಳು ವಿಪರೀತ ಏರಿವೆ ಎಂದಿತು. ಆದರೆ ಯಂತ್ರ ಎಣಿಸುತ್ತದೆ, ಮುಖ ನೋಡುವುದಿಲ್ಲ. ಹಾಗಾಗಿ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಿಳಿಕಣಗಳ ಒಡಲ ತುಂಬ ದಪ್ಪ ಕಪ್ಪು ಚುಕ್ಕೆಗಳು. ಅವು ಯಾವುದೋ ಕ್ರಿಮಿಯ ಜೊತೆ ಹೊಡೆದಾಡುತ್ತಿದ್ದವು. ಸೋಂಕು ರಕ್ತಕ್ಕೇ ಇಳಿದಿರಬಹುದು ಅನ್ನಿಸಿ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಕೂಡಲೇ ಡಾಕ್ಟರಿಗೆ ಫೋನು ಮಾಡಿ, ಔಷಧಿ ಕೊಡುವ ಮೊದಲು ಕ್ರಿಮಿ ಬೆಳೆಸಿ ನೋಡಲು ಎರಡೂ ಕೈಯಿಂದ ರಕ್ತ ಬೇಕು, ನಾನೇ ಬರುತ್ತೇನೆ ಎಂದೆ. ಓಡಿ ಬನ್ನಿ ಎಂದರು.

ಬಲಗೈಯದು ಸಲೀಸಾಗಿ ಆಯಿತು. ಎಡಗೈಗೆ ನರ ಉಬ್ಬಿಸುವ ಪಟ್ಟಿ ಕಟ್ಟಲು ಹೋದರೆ ಬಾಣಂತಿಯ ಅವ್ವ ಅಡ್ಡ ನಿಂತಳು. ನಾಟಿ ಹಾಕುತ್ತಿದ್ದ ಗದ್ದೆಯಿಂದ ಹಾಗೇ ಎದ್ದು ಬಂದಿದ್ದಳು. ಸೀರೆಯ ಅಂಚಿನ ಕೆಸರು ಇನ್ನೂ ಉದುರಿರಲಿಲ್ಲ.

"ಒಂದ್ ಕೈಲಿ ತಗಂಡಾಯ್ತಲ್ಲ, ಬುಡು. ನನ್ ಮಗ್ಳ ಮೈಯಾಗೆ ರಕ್ತ ಎಲ್ಲದೆ?"

ಪಕ್ಕದಲ್ಲೇ ನರ್ಸ್ ಔಷಧಿ ಹಿಡಿದು ಕಾಯುತ್ತಿದ್ದರು. ಅದು ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ಕ್ರಿಮಿ ಬೆಳೆಯದೇ ಹೋಗಬಹುದು. ಹಾಗೆಂದು ತಡಮಾಡಿದರೆ ಹುಡುಗಿ ಉಳಿಯಬೇಕಲ್ಲ. ಬೈಗುಳ ನಾಲಗೆಯ ತುದಿಗೆ ಬಂದಿತ್ತು. ಆ ಕೆಸರನ್ನು ನೋಡಿ ನುಂಗಿಕೊಂಡೆ.

ಬಿತ್ತನೆ ಭತ್ತವನ್ನು ನೆನೆಸಿ, ಗೋಣಿಯಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಮೊಳಕೆ ಬರಿಸುವುದನ್ನು ಅವಳಿಗೆ ನಾನು ಹೇಳಿಕೊಡಬೇಕೆ? ಈ ಸೀಸೆಯಲ್ಲಿ ನಡೆಯುವುದೂ ಅದೇ ಕೆಲಸ ಎಂದೆ. ರಕ್ತದಲ್ಲಿ ಕ್ರಿಮಿ ಅಲ್ಲೊಂದು ಇಲ್ಲೊಂದು ಇದ್ದರೆ ಕಣ್ಣಿಗೆ ಬೀಳುವುದಿಲ್ಲ. ಸೀಸೆಯೊಳಗೆ ಅದಕ್ಕೆ ಆಹಾರವಾಗುವ ಸಾರಿನಲ್ಲಿ ಬೆಚ್ಚಗಿಟ್ಟರೆ ಬೆಳೆದು ತೋರುತ್ತದೆ. ಆದರೆ ಚರ್ಮದ ಮೇಲಿನ ಕಳೆಯೂ ಜೊತೆಗೆ ಬಂದು ಮೊಳೆಯಬಹುದು. ಒಂದೇ ಕೈಯದರಲ್ಲಿ ಬಂದರೆ ಕಳೆಯೋ ಪೈರೋ ಎಂಬ ಅನುಮಾನ ಹೋಗದು. ಎರಡೂ ಕೈಯದರಲ್ಲಿ ಒಂದೇ ಬಂದರೆ ಅದು ರಕ್ತದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಮಗಳ ಎಡಗೈಯನ್ನು ತಾನೇ ಹಿಡಿದು ಚಾಚಿದಳು.

"ತಗಾ ಕಣಮ್ಮ. ತಪ್ಪು ಮಾತ್ರ ಮಾಡ್ಬ್ಯಾಡ."

ಸ್ಪಿರಿಟ್ ಆರುವ ತನಕ ಎಲ್ಲರೂ ಆ ತೋಳನ್ನೇ ನೋಡುತ್ತಾ ನಿಂತೆವು. ರಕ್ತ ಸೀಸೆಗೆ ಇಳಿದದ್ದೇ ತಡ, ನರ್ಸ್ ಔಷಧಿ ಶುರುಮಾಡಿದರು.

ಮರುದಿನವೂ ಜ್ವರ ಇಳಿಯಲಿಲ್ಲ. ಅಷ್ಟರಲ್ಲಿ ಸೀಸೆಗಳನ್ನು ಬೆಚ್ಚಗಿಟ್ಟಿದ್ದ ಪೆಟ್ಟಿಗೆ, ಒಳಗೆ ಕ್ರಿಮಿ ಬೆಳೆದಿದೆ ಎಂದು ಕೂಗಿಕೊಂಡಿತು. ಮೊದಲು ಬಲಗೈಯ ಸೀಸೆ, ಸ್ವಲ್ಪ ಹೊತ್ತಿಗೆ ಎಡಗೈಯದು. ಎರಡರ ಹನಿಗೂ ಬಣ್ಣ ಹಾಕಿ ನೋಡಿದೆ. ನೇರಳೆ ಬಣ್ಣದ ದುಂಡು ಕಾಳುಗಳು, ಗೊಂಚಲು ಗೊಂಚಲು. ಚರ್ಮದ ಮೇಲೆ ಬದುಕುವ ನಿರುಪದ್ರವಿಗಳೂ ಹೀಗೇ ಕಾಣುತ್ತವೆ. ಒಂದೇ ಸೀಸೆಯಾಗಿದ್ದರೆ ನಾನೂ ಡಾಕ್ಟರೂ ಹೌದೋ ಅಲ್ಲವೋ ಎಂದು ಹೊತ್ತು ಕಳೆಯುತ್ತಿದ್ದೆವು. ಎರಡರಲ್ಲೂ ಅದೇ ಇತ್ತು. ಫೋನಿನಲ್ಲಿ ನಾನು ಹೇಳಿದೆ, ಇದು ರಕ್ತದ್ದೇ, ನನಗೆ ಅನುಮಾನವಿಲ್ಲ. ಡಾಕ್ಟರು ನಿಂತ ನಿಲುವಿನಲ್ಲೇ ಔಷಧಿ ಬದಲಾಯಿಸಿದರು. ಮುಂದೆ ಆ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ ಔಷಧಿಯ ಬಿಲ್ಲೆಗಳನ್ನು ಇಟ್ಟಾಗ, ಹಳೆಯ ಔಷಧಿಗೆ ಅದು ಕ್ಯಾರೇ ಎಂದಿರಲಿಲ್ಲ. ಹೊಸದರ ಸುತ್ತ ಮಾತ್ರ ಸುಳಿಯದೆ ದೂರ ನಿಂತಿತ್ತು. ಆ ವೇಳೆಗೆ ಹುಡುಗಿಯ ಜ್ವರ ಇಳಿಯತೊಡಗಿತ್ತು. ಕಣ್ಣು ಬಿಟ್ಟು ಮಗುವೆಲ್ಲಿ ಎಂದು ಕೇಳಿದಳಂತೆ.

ಅದನ್ನು ಕೇಳಿ ನನ್ನ ಎದೆ ಉಬ್ಬಿತು. ಜಂಬ ಅನ್ನುವವರು ಅನ್ನಲಿ, ನನ್ನದೇನೂ ಅಡ್ಡಿಯಿಲ್ಲ. ಗುಣವಾದವರು ಲ್ಯಾಬಿನವರ ಮುಖ ನೋಡಲು ಬರುವುದಿಲ್ಲ. ನಮ್ಮ ಹೆಮ್ಮೆಯನ್ನು ನಾವೇ ಪಡಬೇಕು.

ಆದರೆ ಹುಡುಗಿಯ ಅವ್ವ ಬಂದಳು. ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಲ್ಯಾಬಿನ ಗಾಜಿನಾಚೆ ನಿಂತು, ಮೊಳಕೆ ತೋರಿಸು ಎಂದಳು. ಮುಚ್ಚಿದ ತಟ್ಟೆಯನ್ನು ಒಳಗಿನಿಂದಲೇ ಎತ್ತಿ ಹಿಡಿದೆ. ಬಣ್ಣ ಹಾಕದ ಕ್ರಿಮಿ ಗುಂಪುಗಟ್ಟಿ ಬೆಳೆದ ಹಳದಿ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದಳು. ದೊಡ್ಡ ಕುಕ್ಕರಿನಂಥದ್ದರಲ್ಲಿ ಹಾಕಿ ಬೇಯಿಸಿ ಕೊಲ್ಲುತ್ತೇವೆ, ಸಂಜೆಗೆ, ಎಂದೆ.

"ಈಗ್ಲೇ ಬೇಯ್ಸು. ನೋಡ್ಕಂಡೇ ಓಯ್ತೀನಿ."

ನನ್ನ ಲ್ಯಾಬಿನಲ್ಲಿ ನನಗೆ ಅಪ್ಪಣೆ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ. ತಟ್ಟೆಯನ್ನು ಒಳಗಿಟ್ಟು, ಮುಚ್ಚಳ ಬಿಗಿದು, ಸ್ವಿಚ್ಚು ಹಾಕಿದೆ. ಅವಳು ಕದಲಲಿಲ್ಲ. ಆವಿ ಬುಸ್ಸೆಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹಾಲು ಕುಡಿಸಲು ಮಗುವನ್ನು ಅದರ ತಾಯಿಯ ಹತ್ತಿರ ಎತ್ತಿಕೊಂಡು ಹೋದಳು.