ಅಂಬಪ್ಪನ ಬರಿದನಿ

ಬಳಗಾನೂರಿನ ಸಿಂಪಿಗ ಅಂಬಪ್ಪ ವಾರಕ್ಕೊಮ್ಮೆ ಮಸ್ಕಿ ಸಂತೆಯಲ್ಲಿ, ಉಳಿದ ದಿನ ಊರಲ್ಲೇ ಹೊಲಿಗೆಗೆ ಕೂರುತ್ತಿದ್ದ. ಅವನಿಗೊಂದು ಹುಚ್ಚಿತ್ತು. ಚೂರು ಬಟ್ಟೆ ಸೇರಿಸಿ ಕೂಸಿನ ಕುಲಾಯಿ ಹೊಲಿದಂತೆ ಚೂರು ಮಾತು ಸೇರಿಸಿ ಹೊಸ ಪದ ಮಾಡುತ್ತಿದ್ದ. ನಿಜಾಮ ಸರಕಾರದ ಪೊಲೀಸ್ ಅಮೀನ ಬೂಟು ಬಡಿಯುತ್ತ ಸಂತೆಯಲ್ಲಿ ಹಾದುಹೋದರೆ ‘ಮೀಸೆಗಾಳಿ ಬಂತು’ ಎನ್ನುತ್ತಿದ್ದ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮರುದಿನ ಆ ಪದ ಯಾರ ಬಾಯಲ್ಲೂ ಇರುತ್ತಿರಲಿಲ್ಲ. ದೊಡ್ಡಾಟ ಬರೆದು ಅದರೊಳಗೆ ಇಂಥ ಪದಗಳನ್ನು ತುರುಕಿದರೆ ಆಡುವವರು ಅವನ್ನೇ ಹುಡುಕಿ ನುಂಗಿಬಿಡುತ್ತಿದ್ದರು. ಊರಿಗೇ ಕಿವಿ ಇರಲಿಲ್ಲ ಎಂಬುದು ಈ ಕತೆ ಹೇಳುವ ನನ್ನ ತಕರಾರು. ತಾನು ಮಾಡಿದ ಒಂದು ಪದವನ್ನಾದರೂ ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದು ಅವನ ಜೀವ ಬಡಿದುಕೊಳ್ಳುತ್ತಿತ್ತು.

ಹೆಂಡತಿ ಆದಮ್ಮ ಜ್ವರ ಬಂದು ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಸಂಜೆ ಬಾಗಿಲು ತೆಗೆದವನೇ “ಏ ಆದೀ, ನೀರು ತಾ” ಎನ್ನುವುದು ಮಾತ್ರ ನಿಂತಿರಲಿಲ್ಲ. ಅಂದ ಮೇಲೆ ಅವಳಿಲ್ಲವೆಂದು ನೆನಪಾಗುತ್ತಿತ್ತು. ತಾನೇ ಕೊಡ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ಓಗೊಡುವವರಿಲ್ಲದ ಇಂಥ ಕೂಗಿಗೆ ಒಂದು ಹೆಸರೇ ಇಲ್ಲವಲ್ಲ ಎಂದು ಹೊಳೆದದ್ದು ಹಾಗೊಂದು ಸಂಜೆ. ಬರಿ, ದನಿ ಎರಡನ್ನೂ ಜೋಡಿಸಿ ‘ಬರಿದನಿ’ ಎಂದ. ಯಾಕೆ ಮಾಡಿದೆನೆಂದು ಯಾರಿಗೂ ಹೇಳಲಿಲ್ಲ. ಹೊಸ ಆಟದಲ್ಲಿ, ಬೇಟೆಗೆ ಹೋದ ಅರಸ ತಿರುಗಿ ಬಾರದಾಗ ರಾಣಿ ಹಾಡುವ ಸಾಲಿನ ಕೊನೆಗೆ ಅದನ್ನಿಟ್ಟ: ‘ಎಷ್ಟು ಕರೆದರೂ ಬರಿದನಿ.’

ರಾಣಿಯ ವೇಷ ಹುಸೇನಪ್ಪನದು. ಅವನು ಸರಕಾರಿ ಸಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡ ಬಾಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ಅಂಬಪ್ಪ ಹೇಳುತ್ತ ಹೋದ, ಅವನು ಉರ್ದು ಅಕ್ಷರದಲ್ಲಿ ಗೀಚಿಕೊಂಡ. ಆ ಬರಹದಲ್ಲಿ ಗಿಡ್ಡ ಸ್ವರಗಳನ್ನು ಬರೆಯುವ ರೂಢಿಯಿಲ್ಲ, ಓದುವವನೇ ತುಂಬಿಕೊಳ್ಳಬೇಕು. ಸುಗ್ಗಿ ಮುಗಿದು ಹನುಮಪ್ಪನ ಗುಡಿಕಟ್ಟೆಯ ಮೇಲೆ ತಾಲೀಮು ಶುರುವಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಹುಸೇನಪ್ಪ ಹಾಳೆ ನೋಡಿ ತನಗೆ ತಿಳಿದಂತೆ ತುಂಬಿಕೊಂಡು ದನಿ ಎತ್ತಿದ:

“ಎಷ್ಟು ಕರೆದರೂ ಬರದ ನೀ...”

‘ತಪ್ಪಲೇ’ ಎನ್ನಲು ಅಂಬಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಟ್ಟೆಯ ಬದಿಗೆ ಜೋಳ ಹಸನು ಮಾಡುತ್ತಿದ್ದ ಪಕ್ಕದ ಮನೆಯ ಗಾಳೆಮ್ಮ ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಂಬಣ್ಣ, ಇದು ನಮ್ಮ ಆದಮ್ಮಗ ಬರದದ್ದು ಹೌದಿಲ್ಲೋ? ದಿನಾ ಸಂಜಿಕ ನೀ ಕರಿಯೋದು ಗ್ವಾಡಿ ಆಚೆ ನನಗ ಕೇಳಸ್ತೈತಿ.”

ಅಂಬಪ್ಪ ನಾಚಿ ನೆಲ ನೋಡಿದ. ಒಳಗಿನ ಸಂಕಟ ಕಾಣದಿರಲೆಂದು ಅದರ ಮೇಲೆ ಹೊಸ ಪದವೊಂದನ್ನು ಹೊಲಿದಿದ್ದ. ಒಂದು ಗಿಡ್ಡ ಸ್ವರ ತಪ್ಪಿ ಎಲ್ಲ ಬಯಲಾಗಿತ್ತು.

“ಯಾಕಣ್ಣ, ತಪ್ಪಾತೇನು?” ಎಂದು ಹುಸೇನಪ್ಪ ಕೇಳಿದ.

“ಇಲ್ಲಪ್ಪ, ಹಂಗ ಇರಲಿ. ಮುಂದ ಹಾಡು.”

ಆ ಸಂಜೆ ಬಾಗಿಲು ತೆಗೆದು ರೂಢಿಯಂತೆ ಕೂಗಿದ. “ನೀರು ತಂದೆ, ತಡಿಯಣ್ಣ” ಎಂದು ಗೋಡೆಯಾಚೆಯಿಂದ ಓಗೊಟ್ಟ ಗಾಳೆಮ್ಮ ಒಂದು ತಂಬಿಗೆ ನೀರು ತಂದು ಹೊಸ್ತಿಲ ಮೇಲಿಟ್ಟು ಹೋದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅಂಬಪ್ಪ ನೀರು ಕುಡಿದ.

ಮರುದಿನದಿಂದ ಅವನು ಕರೆಯುವುದನ್ನೇ ಬಿಟ್ಟ.