ಗೌರಿಯ ಕೆನ್ನೆಯ ಬೊಟ್ಟು

ಶಹಾಬಾದಿನ ಕ್ಯಾಮೆರಾ ಕ್ಲಬ್ಬಿನವರು ಪ್ರಾಣಿಗಳ ಭಾವಚಿತ್ರ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಗೋಡೆಗೆ ಹಾಕಿದ್ದ ಚಿತ್ರಗಳಲ್ಲಿ ಬಿಳಿ ಆಕಳೊಂದರ ಮುಖ ನೋಡಿ ಅಲ್ಲೇ ನಿಂತುಬಿಟ್ಟೆ. ಒದ್ದೆ ಮೂಗು, ಸುಮ್ಮನೆ ನಮ್ಮನ್ನೇ ನೋಡುವ ಕಣ್ಣು. ಆದರೆ ಕೆನ್ನೆಯ ಮೇಲೊಂದು ಕಪ್ಪು ಚುಕ್ಕೆ, ಚಿತ್ರದ ಮೇಲೆಯೇ ಯಾರೋ ಬೆರಳಿನಿಂದ ಹಚ್ಚಿದ್ದು. ತಿದ್ದಿದ ಚಿತ್ರಕ್ಕೆ ಬಹುಮಾನವಿಲ್ಲ ಎಂಬುದು ನಿಯಮ. ಚಿತ್ರ ತೆಗೆದ ಹುಡುಗ ತಾಯಿಯ ಕಡೆ ಗುರಾಯಿಸಿದ.

ಬಾಗಿಲ ಬಳಿ ಕೂತಿದ್ದ ಆಕೆ ಎದ್ದು ಬಂದಳು. "ಆ ಬೊಟ್ಟು ನಾನೇ ಇಟ್ಟೀನ್ರಿ. ಇಷ್ಟು ಮಂದಿ ನೋಡ್ಲಿಕತ್ತಾರ, ನಮ್ಮ ಗೌರಿಗಿ ನದರ ಹತ್ತಬಾರ್ದಲ್ಲ? ಈಗ ಗಬ್ಬ ಬ್ಯಾರೆ ಅದ."

"ಕಾಡಿಗೆ ತಾನೆ? ಒರೆಸಿಬಿಡೋಣ. ಮೊದಲ ಬಹುಮಾನ ಇದಕ್ಕೇ," ಎಂದೆ.

"ಬ್ಯಾಡ್ರಿ! ಮೊದಲನೇದು ಕೊಟ್ರ ಇನ್ನಾ ಭಾಳ ಮಂದಿ ನೋಡ್ತಾರ. ಕಡೀದು ಯಾವ್ದರೆ ಕೊಡ್ರಿ."

"ಯವ್ವಾ, ಸುಮ್ನ ಕುಂದರು," ಎಂದ ಮಗ, ಅಳುವ ದನಿಯಲ್ಲಿ.

ಬೊಟ್ಟು ಒರೆಸದೆ ಮೂರನೆಯ ಬಹುಮಾನ ಕೊಟ್ಟೆ. ಕಾರ್ಯದರ್ಶಿ ಕೆಮ್ಮಿದರು. ಮಗ ಮುಖ ತಿರುಗಿಸಿದ. ತಾಯಿ ಮಾತ್ರ ಕೈ ಮುಗಿದಳು.

ಮೊದಲ ಬಹುಮಾನ ಚಿಂಚೋಳಿ ಕಾಡಿನ ಮಂಗವೊಂದರ ಚಿತ್ರಕ್ಕೆ ಹೋಯಿತು. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಪಾಪ, ಬೊಟ್ಟು ಇಡುವವರು ಅದಕ್ಕೆ ಯಾರಿದ್ದರು?